ನೀರು ಪಾಲು ಮಾಡಿದವನ ಪಾಲು

೧

ದಲಿತ ವಿಮರ್ಶೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದಾಗ ಒಂದು ಕಾದಂಬರಿಯನ್ನೋ ಕವನಸಂಕಲನವನ್ನೋ ಎದುರಿಗಿಟ್ಟುಕೊಂಡು ಬರೆಯುವುದು ನನಗೆ ಸುಲಭವಿತ್ತು. ಆದರೆ ಕೆಲವು ಕಾಲದಿಂದ ನನ್ನ ಮೇಜಿನ ಮೇಲೆ ಬೇರೆ ಬಗೆಯ ಬರವಣಿಗೆ ಬಿದ್ದುಕೊಂಡಿದೆ. ಹವಾಮಾನ ಬದಲಾವಣೆಗೆ ಜನ ಹೊಂದಿಕೊಳ್ಳುವುದು ಹೇಗೆ ಎಂದು ಸರ್ಕಾರಗಳೂ ಸಂಸ್ಥೆಗಳೂ ಬರೆಸಿದ ಒಪ್ಪಂದಗಳು, ವರದಿಗಳು, ಬಣ್ಣದ ಪುಸ್ತಿಕೆಗಳು. ಇವನ್ನು ಯಾರೂ ಸಾಹಿತ್ಯ ಎನ್ನುವುದಿಲ್ಲ. ಆದರೂ ಇವಕ್ಕೊಬ್ಬ ನಿರೂಪಕನಿದ್ದಾನೆ, ಒಬ್ಬ ನಾಯಕನಿದ್ದಾನೆ, ಹೆಸರಿಲ್ಲದೆ ಬಂದುಹೋಗುವ ಸಣ್ಣಪುಟ್ಟ ಪಾತ್ರಗಳಿವೆ. ಹಾಗಿರುವಾಗ ಇವನ್ನು ನಾವು ವಿಮರ್ಶೆಯ ಕಣ್ಣಿನಿಂದ ಓದದೆ ಬಿಟ್ಟಿರುವುದು ಯಾಕೆ? ನಾನು ಇದನ್ನು ಕೇಳಿಕೊಳ್ಳುವುದಕ್ಕೆ ಸ್ವಂತದ ಕಾರಣವೂ ಇದೆ. ಅಂಥ ಒಂದು ಪುಸ್ತಿಕೆಯ ಸಣ್ಣ ಪಾತ್ರಗಳಲ್ಲಿ ಒಬ್ಬ ನನ್ನ ಚಿಕ್ಕಪ್ಪ.

ನಮ್ಮದು ಕೋಲಾರದ ಕಡೆಯ ಒಂದು ಊರು. ಚಿಕ್ಕಪ್ಪ ಆ ಊರಿನ ಕೆರೆಯ ನೀರುಗಂಟಿ. ತಾತನೂ ಅದೇ, ತಾತನ ಅಪ್ಪನೂ ಅದೇ. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರ ಕಡೆಯಿಂದ ನಾಲ್ಕು ಜನ ಹುಡುಗ ಹುಡುಗಿಯರು ಬಂದರು. ಒಳ್ಳೆಯ ಮಕ್ಕಳು. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದರು. ಕೆರೆ ಎಲ್ಲಿ, ಏರಿ ಎಲ್ಲಿ, ಕೋಡಿ ಎಲ್ಲಿ, ಕಾಲುವೆ ಎಲ್ಲಿ ಎಂದು ಕೇಳಿದರು. ಚಿಕ್ಕಪ್ಪ ಎರಡು ದಿನ ಕೂಲಿ ಬಿಟ್ಟು ಅವರ ಜೊತೆ ಓಡಾಡಿ ತನಗೆ ತಿಳಿದದ್ದನ್ನೆಲ್ಲ ಹೇಳಿದ. ವರ್ಷದ ಮೇಲೆ ಪುಸ್ತಿಕೆ ಬಂತು. ಅದರಲ್ಲಿ ಅವನು ಹೇಳಿದ ಮಾತು ಇದೆ. ಅವನ ಪಟವೂ ಇದೆ, ಬಿಳಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ತೂಬಿನ ಕಲ್ಲಿನ ಪಕ್ಕ ನಿಂತಿದ್ದಾನೆ. ಪಟದ ಕೆಳಗೆ ‘ಓರ್ವ ಗ್ರಾಮಸ್ಥ’ ಎಂದಿದೆ. ಮೇಲಿನ ಶೀರ್ಷಿಕೆಯಲ್ಲಿ ‘ಸಮುದಾಯದ ಪಾರಂಪರಿಕ ಜ್ಞಾನ’ ಎಂದಿದೆ.

ಪುಸ್ತಿಕೆಯನ್ನು ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಸಮುದಾಯ ಅಂದ್ರೆ ಯಾರಪ್ಪಾ?’ ಎಂದ. ‘ಊರೋರೆಲ್ಲ’ ಎಂದೆ. ‘ಊರೋರಿಗೆಲ್ಲ ಇದು ಗೊತ್ತಿದ್ದಿದ್ರೆ ನನ್ನನ್ಯಾಕೆ ಕರೀತಿದ್ರು?’ ಎಂದ. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಪ್ರಯತ್ನ.

೨

ಅವನಿಗೆ ಗೊತ್ತಿದ್ದುದು ಏನು ಎಂಬುದನ್ನು ಮೊದಲು ಹೇಳಬೇಕು. ಹೊಳೆಯಿಲ್ಲದ ಸೀಮೆ ನಮ್ಮದು. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ಹರಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಳಿಯಾಗಿ ಕಟ್ಟಿದ ವ್ಯವಸ್ಥೆ. ಏರಿಗೆ ಮಣ್ಣು ಹೊತ್ತವರು ಒಡ್ಡರು, ಕಾದವರು ಹೊಲೆಯ ಮಾದಿಗರು. ಶಾಸನಗಳಲ್ಲಿ ಉಳಿದ ಹೆಸರು ಕಟ್ಟಿಸಿದವರದು.

ನೀರುಗಂಟಿಯ ಕೆಲಸ ತೂಬಿನ ಬಿರಡೆ ಎತ್ತುವುದು, ಇಳಿಸುವುದು ಅಷ್ಟೇ ಅಲ್ಲ. ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ, ಈ ನೀರು ಎಷ್ಟು ಗದ್ದೆಗೆ ಎಷ್ಟು ದಿನಕ್ಕೆ ಆಗುತ್ತದೆ ಎಂದು ಹೇಳಬೇಕು. ಯಾವ ಗದ್ದೆ ಮರಳುಮಣ್ಣಿನದು, ಯಾವುದು ಎರೆಯದು, ಯಾವುದಕ್ಕೆ ಎಷ್ಟು ಹೊತ್ತು ಕಟ್ಟಬೇಕು ಎಂಬುದು ತಲೆಯಲ್ಲಿರಬೇಕು. ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಇಲಿಬಿಲ, ಏಡಿಬಿಲ, ಮರದ ಬೇರು ನುಗ್ಗಿದ ಜಾಗ ಗುರುತಿಡಬೇಕು. ಏರಿಯ ಹಿಂಬದಿ ನೀರು ಒಸರುವುದನ್ನು ಕುರಿತು ಚಿಕ್ಕಪ್ಪ ಹೇಳುವ ಮಾತು ಇದು: ‘ತಿಳಿನೀರು ಒಸರಿದ್ರೆ ಕೆರೆ ಬೆವರ್ತಾ ಐತೆ ಅಂತ, ಭಯವಿಲ್ಲ. ರಾಡಿ ಒಸರಿದ್ರೆ ಒಳಗೆ ಮಣ್ಣು ಕರಗ್ತಾ ಐತೆ ಅಂತ, ನಿದ್ದೆ ಮಾಡಬ್ಯಾಡ.’ ಅಣೆಕಟ್ಟಿನ ಎಂಜಿನಿಯರುಗಳು ಕಲಿಯುವುದೂ ಇದನ್ನೇ.

ಎಲ್ಲಕ್ಕಿಂತ ದೊಡ್ಡದು ದಾಮಾಷ. ಮಳೆ ಕೈಕೊಟ್ಟು ಕೆರೆ ಅರ್ಧ ತುಂಬಿದ ವರ್ಷ ಇಡೀ ಅಚ್ಚುಕಟ್ಟಿಗೆ ನೀರು ಬಿಡುವುದಿಲ್ಲ. ಇದ್ದ ನೀರಿಗೆ ಎಷ್ಟು ಗದ್ದೆ ಬೆಳೆಯಬಹುದೋ ಅಷ್ಟನ್ನು ತೂಬಿನ ಹತ್ತಿರವೇ ಅಳೆದು, ಅಚ್ಚುಕಟ್ಟಿನಲ್ಲಿ ಭೂಮಿಯಿದ್ದವರಿಗೆಲ್ಲ ಅವರವರ ಹಿಡುವಳಿಯ ಲೆಕ್ಕದಲ್ಲಿ ಆ ವರ್ಷದ ಮಟ್ಟಿಗೆ ಹಂಚುತ್ತಾರೆ. ಕೆಳಗಿನ ಗದ್ದೆಯವನು ಆ ವರ್ಷ ಮೇಲಿನ ಗದ್ದೆಯವನ ನೆಲದಲ್ಲಿ ಬೆಳೆಯುತ್ತಾನೆ. ಮಳೆಯ ಏರುಪೇರಿಗೆ ಹೊಂದಿಕೊಳ್ಳುವುದು ಎಂದು ಇವತ್ತಿನ ವರದಿಗಳು ಯಾವುದನ್ನು ಕರೆಯುತ್ತವೆಯೋ ಅದು ಹೆಸರಿಲ್ಲದೆ ನಡೆದುಕೊಂಡು ಬಂದಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಆ ಪುಸ್ತಿಕೆಯನ್ನೇ ಬರೆದಂತೆ. ನಿಲ್ಲಿಸಲಾರೆ. ನೀರು ಬಿಡುವ ಅಧಿಕಾರ ಹೊಲಗೇರಿಯವನ ಕೈಗೆ ಬಂದದ್ದು ಹೇಗೆ? ಅವನನ್ನು ಮುಟ್ಟಿಸಿಕೊಳ್ಳದ ಊರು ತನ್ನ ಅನ್ನದ ಬೀಗದ ಕೈಯನ್ನು ಅವನಿಗೆ ಯಾಕೆ ಕೊಟ್ಟಿತು? ನಮ್ಮ ಕಡೆಯ ಹಿರಿಯರು ಇದಕ್ಕೆ ಕೊಡುವ ಉತ್ತರ ಸರಳವಾಗಿದೆ. ಅವನಿಗೆ ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲ. ಗದ್ದೆ ಇದ್ದವನ ಕೈಗೆ ತೂಬು ಕೊಟ್ಟರೆ ತನ್ನ ಗದ್ದೆಗೆ ಮೊದಲು ಬಿಟ್ಟುಕೊಳ್ಳುತ್ತಾನೆ. ಏನೂ ಇಲ್ಲದವನು ಎಲ್ಲರಿಗೂ ಸಮನಾಗಿ ಬಿಡುತ್ತಾನೆ.

ನಾನು ಚಿಕ್ಕವನಾಗಿದ್ದಾಗ ಈ ಮಾತನ್ನು ಹೆಮ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ತಾತ ಪಕ್ಷಪಾತವಿಲ್ಲದ ಮನುಷ್ಯ ಎಂದು. ಈಗ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ. ಅವನ ನಿಷ್ಪಕ್ಷಪಾತವನ್ನು ಊರು ತಯಾರು ಮಾಡಿಕೊಂಡದ್ದು ಅವನ ಬಡತನದಿಂದ. ಅವನಿಗೆ ಪಾಲೇ ಇಲ್ಲದಂತೆ ಮಾಡಿ, ಪಾಲು ಹಂಚುವುದಕ್ಕೆ ನಿಲ್ಲಿಸಿದರು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಪಡೆಯಬೇಕು, ಅದೂ ಕೊಟ್ಟವರು ಕೊಟ್ಟಷ್ಟು. ಊರಿನ ನೂರು ಗದ್ದೆಗೆ ನೀರು ಹಾಯಿಸಿದ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಇವೆರಡೂ ಒಂದೇ ಕೈ ಎಂಬುದನ್ನು ಮರೆತು ಬರೆದ ಯಾವ ‘ಪಾರಂಪರಿಕ ಜ್ಞಾನ’ದ ವರದಿಯನ್ನೂ ನಾನು ನಂಬಲಾರೆ.

೩

ಈಗ ಆ ಬರಹಗಳ ಕಡೆ ಬರೋಣ. ೨೦೧೫ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿಯಲ್ಲಿ ಒಂದು ಮಾತಿದೆ. ಹೊಂದಾಣಿಕೆಯ ಕೆಲಸಗಳು ಲಭ್ಯವಿರುವ ಉತ್ತಮ ವಿಜ್ಞಾನವನ್ನು ಆಧರಿಸಿರಬೇಕು, ಜೊತೆಗೆ ಸೂಕ್ತವಾದಲ್ಲಿ ಪಾರಂಪರಿಕ ಜ್ಞಾನವನ್ನೂ ಮೂಲನಿವಾಸಿಗಳ ಜ್ಞಾನವನ್ನೂ ಸ್ಥಳೀಯ ತಿಳಿವನ್ನೂ ಆಧರಿಸಿರಬೇಕು ಎಂದು. ಇಂಥ ಒಂದು ಮಾತು ಅಂತಾರಾಷ್ಟ್ರೀಯ ಒಪ್ಪಂದದೊಳಗೆ ಬರಬೇಕಾದರೆ ಜಗತ್ತಿನ ಆದಿವಾಸಿ ಸಮುದಾಯಗಳು ಎಷ್ಟೋ ವರ್ಷ ಜಗಳ ಮಾಡಿದ್ದಾರೆ. ಅದನ್ನು ಹಗುರಾಗಿ ಕಾಣಬಾರದು. ಆದರೆ ಓದುಗನಾಗಿ ನನ್ನ ಕಣ್ಣು ‘ಸೂಕ್ತವಾದಲ್ಲಿ’ ಎಂಬ ಪದದ ಮೇಲೆ ನಿಲ್ಲುತ್ತದೆ. ವಿಜ್ಞಾನಕ್ಕೆ ಆ ಷರತ್ತಿಲ್ಲ, ಇದಕ್ಕಿದೆ. ಸೂಕ್ತವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಜ್ಞಾನ ಹೊಂದಿದವನು ಸಾಕ್ಷಿ, ಇನ್ಯಾರೋ ನ್ಯಾಯಾಧೀಶ. ನಮ್ಮೂರ ಪಂಚಾಯ್ತಿಕಟ್ಟೆಯ ಕೆಳಗೆ ನಿಂತು ಅಹವಾಲು ಹೇಳುತ್ತಿದ್ದ ತಾತನ ನೆನಪಾಗುತ್ತದೆ.

ಹವಾಮಾನ ವಿಜ್ಞಾನಿಗಳ ಅಂತರಸರ್ಕಾರಿ ಸಮಿತಿ ೨೦೨೨ರ ತನ್ನ ವರದಿಯಲ್ಲಿ, ಜನರನ್ನು ಅಪಾಯಕ್ಕೆ ದೂಡಿದ ಕಾರಣಗಳ ಪಟ್ಟಿಯಲ್ಲಿ ವಸಾಹತುಶಾಹಿಯನ್ನೂ ಹೆಸರಿಸಿತು. ಅದೂ ದೊಡ್ಡ ಮಾತೇ. ಆದರೆ ನಮ್ಮಲ್ಲಿ ಕೆರೆಯ ತಿಳಿವನ್ನು ಹೊತ್ತವನನ್ನು ಕಾಡಿದ್ದು ಬಿಳಿಯ ದೊರೆ ಮಾತ್ರವಲ್ಲ. ಅವನು ಬರುವುದಕ್ಕೆ ಮೊದಲೂ ಕಾಡುತ್ತಿದ್ದರು, ಹೋದ ಮೇಲೂ ಕಾಡಿದರು. ವಸಾಹತುಶಾಹಿ ಎಂದು ಹೇಳಿದಾಗ ಎಲ್ಲರೂ ತಲೆದೂಗುವ ಸಭೆಯಲ್ಲಿ ಜಾತಿ ಎಂದು ಹೇಳಿದರೆ ಕುರ್ಚಿ ಸರಿಸಿಕೊಳ್ಳುವ ಸದ್ದು ಕೇಳಿಸುತ್ತದೆ. ಇದು ನಾನು ಕೂತ ಸಭೆಗಳ ಅನುಭವ.

ಇನ್ನು ‘ಮೂಲನಿವಾಸಿ’ ಎಂಬ ಮಾತು. ೨೦೦೭ರಲ್ಲಿ ವಿಶ್ವಸಂಸ್ಥೆಯು ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಮಾಡಿದಾಗ ಭಾರತ ಅದರ ಪರವಾಗಿಯೇ ಮತ ಹಾಕಿತು. ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಎಲ್ಲರೂ ಮೂಲನಿವಾಸಿಗಳಾದರೆ ಯಾರ ಹಕ್ಕೂ ಉಳಿಯುವುದಿಲ್ಲ ಎಂಬುದು ಆ ನಿಲುವಿನ ಅನುಕೂಲ. ನನ್ನ ಜಾತಿ ಪ್ರಮಾಣಪತ್ರದಲ್ಲಿ ಮಾತ್ರ ‘ಆದಿ ಕರ್ನಾಟಕ’ ಎಂದಿದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಹೊಲೆಯ ಮಾದಿಗರಿಗೆ ದಕ್ಕಿದ ಹೆಸರು ಅದು. ಈ ನೆಲದ ಮೊದಲಿಗರು ಎಂದು ಹೆಸರು ಕೊಟ್ಟವರು ನೆಲವನ್ನು ಕೊಡಲಿಲ್ಲ. ಈಗ ಜ್ಞಾನದ ವಿಷಯದಲ್ಲೂ ಅದೇ ನಡೆಯುತ್ತಿದೆ ಎಂಬುದು ನನ್ನ ವಾದ.

ಕೆರೆಗಳನ್ನು ಕುರಿತು ಗೌರವದಿಂದ ಬರೆದವರಿಲ್ಲವೆ? ಇದ್ದಾರೆ. ಅನುಪಮ್ ಮಿಶ್ರ ಅವರ ಹಿಂದಿ ಪುಸ್ತಕ ‘ಆಜ್ ಭೀ ಖರೇ ಹೈಂ ತಾಲಾಬ್’ ೧೯೯೩ರಲ್ಲಿ ಬಂತು. ಅದನ್ನು ಯಾರು ಬೇಕಾದರೂ ಅಚ್ಚು ಮಾಡಿಕೊಳ್ಳಲಿ ಎಂದು ಹಕ್ಕು ಬಿಟ್ಟುಕೊಟ್ಟ ದೊಡ್ಡ ಮನಸ್ಸು ಅವರದು. ಕೆರೆ ಕಟ್ಟಿದ ಕಸುಬಿನವರನ್ನು ಹೆಸರು ಹಿಡಿದು ನೆನೆದವರೂ ಅವರೇ. ಆ ಪುಸ್ತಕ ಓದಿದಾಗ ನನಗೆ ಕಣ್ಣು ತುಂಬಿತ್ತು. ಆದರೆ ಓದಿ ಮುಗಿಸಿದ ಮೇಲೆ ಒಂದು ಕೊರಗು ಉಳಿಯಿತು. ಅಲ್ಲಿ ಗೌರವವಿದೆ, ಜಗಳವಿಲ್ಲ. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಅದೂ ಈ ದೇಶದ ಕೆರೆಗಳ ಚರಿತ್ರೆಯೇ. ಕೆರೆ ಕಟ್ಟಿದವರ ಕಥೆಯನ್ನು ಹೇಳುವಾಗ ಕೆರೆಗೆ ಇಳಿಯಲು ಜಗಳ ಮಾಡಬೇಕಾದವರ ಕಥೆಯನ್ನು ಬೇರೆ ಪುಸ್ತಕಕ್ಕೆ ಬಿಡುವಂತಿಲ್ಲ.

೪

ಇದು ಕೆರೆಗೆ ಮಾತ್ರ ಸೇರಿದ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಸರಿಯಾದ ಅರ್ಥದಲ್ಲಿ ಆದಿವಾಸಿಗಳು ಅವರು. ಕಾಡಿನ ತರಗೆಲೆ ಗುಡ್ಡೆ ಬೀಳುವ ಮೊದಲೇ, ಬೇಸಿಗೆಯ ಆರಂಭದಲ್ಲಿ ಅವರು ನೆಲಮಟ್ಟದ ಸಣ್ಣ ಬೆಂಕಿ ಇಡುತ್ತಿದ್ದರು. ‘ತರಗು ಬೆಂಕಿ’ ಎಂದು ಅದರ ಹೆಸರು. ೧೯೭೪ರಲ್ಲಿ ಕಾಡು ಅಭಯಾರಣ್ಯವಾಯಿತು. ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಿ ಅಂಚಿಗೆ ತಂದು ಕೂರಿಸಿದರು. ಬೆಂಕಿ ನಿಷೇಧವಾಯಿತು. ಆಮೇಲಿನ ದಶಕಗಳಲ್ಲಿ ಲಂಟಾನ ಕಾಡನ್ನೆಲ್ಲ ತುಂಬಿಕೊಂಡಿತು. ನೆಲ್ಲಿಮರಗಳ ಮೇಲೆ ಬಂದಣಿಕೆ ಹೆಚ್ಚಿತು. ತರಗು ಬೆಂಕಿ ನಿಂತದ್ದರಿಂದಲೇ ಇದೆಲ್ಲ ಆಯಿತೆಂದು ಸೋಲಿಗರು ಮೊದಲಿನಿಂದಲೂ ಹೇಳುತ್ತಿದ್ದರು. ಸಂಶೋಧಕರು ಅವರ ಮಾತನ್ನು ಕೇಳಿ ಪ್ರಬಂಧ ಬರೆದ ಮೇಲೆ ಅದು ಜ್ಞಾನವಾಯಿತು. ಅಲ್ಲಿಯವರೆಗೆ ಅದು ಅಪರಾಧವಾಗಿತ್ತು. ಕಾನೂನಿನ ಪುಸ್ತಕದಲ್ಲಿ ಈಗಲೂ ಅಪರಾಧವೇ, ಯಾಕೆಂದರೆ ಅಭಯಾರಣ್ಯದಲ್ಲಿ ಬೆಂಕಿ ಇಡುವುದನ್ನು ೧೯೭೨ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ.

ಆದರೂ ಸೋಲಿಗರ ಕೈಯಲ್ಲಿ ಒಂದು ಕಾನೂನಿದೆ. ೨೦೦೬ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಕಲಮಿನಲ್ಲಿ ನೆಲದ ಹಕ್ಕು, ಕಿರು ಅರಣ್ಯ ಉತ್ಪನ್ನಗಳ ಹಕ್ಕುಗಳ ಸಾಲಿನಲ್ಲೇ, ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲಿನ ಸಮುದಾಯದ ಹಕ್ಕನ್ನೂ ಸೇರಿಸಲಾಗಿದೆ. ಅದರಡಿ ೨೦೧೧ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು ಎಂಬ ವಿಪರ್ಯಾಸದ ನಡುವೆಯೂ ಸಿಕ್ಕಿತು. ನೆಲದ ಹಕ್ಕನ್ನೂ ಜ್ಞಾನದ ಹಕ್ಕನ್ನೂ ಒಂದೇ ಕಲಮಿನಲ್ಲಿ ಇಟ್ಟದ್ದು ಆ ಕಾಯ್ದೆಯ ವಿವೇಕ. ಕಾಲೂರಲು ನೆಲವಿಲ್ಲದವನ ತಿಳಿವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು.

ಈ ಬೆಳಕಿನಲ್ಲಿ ನೀರುಗಂಟಿಯ ಕಾಗದಪತ್ರ ನೋಡೋಣ. ಅವನಿಗೆ ಕೆಲವು ಕಡೆ ಸೇವಾ ಇನಾಂ ಜಮೀನಿತ್ತು, ನೀರುಗಂಟಿ ಇನಾಂ ಎಂದೇ ಅದರ ಹೆಸರು. ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ೧೯೬೩ರ ಫೆಬ್ರವರಿಯಿಂದ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಹುಟ್ಟಿನಿಂದ ಬರುವ ಚಾಕರಿ ಹೋದದ್ದು ಸರಿಯೇ, ಅದಕ್ಕೆ ನಾನು ಅಳುವುದಿಲ್ಲ. ಜಮೀನು ಸರ್ಕಾರದ ವಶಕ್ಕೆ ಬಂದು, ಗೊತ್ತುಮಾಡಿದ ಮೊತ್ತ ಕಟ್ಟಿದರೆ ಹುದ್ದೆಯಲ್ಲಿದ್ದವನಿಗೇ ಮರುಮಂಜೂರು ಆಗಬೇಕಿತ್ತು. ಕಾಗದ ಓದಲು ಬಾರದವನು, ಗಡುವು ಗೊತ್ತಿಲ್ಲದವನು ಏನಾದ ಎಂದು ಊಹಿಸಿಕೊಳ್ಳಬಹುದು. ನಮ್ಮ ತಾತನ ಒಂದೂವರೆ ಎಕರೆ ಮರುಮಂಜೂರಾದ ಹೊತ್ತಿಗೆ ಇನ್ನೂರು ರೂಪಾಯಿ ಸಾಲಕ್ಕೆ ಬೇರೆಯವರ ಉಳುಮೆಯಲ್ಲಿತ್ತು. ಅಲ್ಲೇ ಉಳಿಯಿತು.

೧೯೭೮ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ, ಎಲ್ಲರ ಬಾಯಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ, ಬಂತು. ಎಷ್ಟೋ ದಲಿತ ಕುಟುಂಬಗಳಿಗೆ ಕಳೆದುಕೊಂಡ ಭೂಮಿ ಮರಳಿ ಬಂದದ್ದು ಅದರಿಂದ. ಅರ್ಜಿ ಹಾಕಲು ಕಾಲಮಿತಿಯಿಲ್ಲ ಎಂಬ ತಿದ್ದುಪಡಿಯೂ ೨೦೨೩ರಲ್ಲಿ ಆಯಿತು. ಆದರೆ ‘ಮಂಜೂರಾದ ಜಮೀನು’ ಎಂದರೇನು ಎಂದು ವಿವರಿಸುವ ವಾಕ್ಯದ ನಡುವೆ ಸಣ್ಣದೊಂದು ಹೊರತು ಇದೆ: ವಂಶಪಾರಂಪರ್ಯದ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು, ಎಂದು. ತೋಟಿ, ತಳವಾರ, ನೀರುಗಂಟಿಗಳ ಇನಾಂ ಜಮೀನು ಆ ಹೊರತಿನಲ್ಲಿ ಹೊರಗೆ ಬಿತ್ತು. ಯಾವ ಸೇವೆಯನ್ನು ಇಂದು ಪಾರಂಪರಿಕ ಜ್ಞಾನ ಎಂದು ಹೊಗಳುತ್ತಿದ್ದೇವೆಯೋ, ಅದೇ ಸೇವೆಯ ಕಾರಣಕ್ಕೆ ಅವನ ಭೂಮಿಗೆ ರಕ್ಷಣೆಯಿಲ್ಲ. ನಮ್ಮ ಅಣ್ಣ ಈ ವಾಕ್ಯವನ್ನು ವಕೀಲರ ಬಾಯಲ್ಲಿ ಕೇಳಿ ಮನೆಗೆ ಬಂದು ಸುಮ್ಮನೆ ಕೂತಿದ್ದು ನನಗೆ ನೆನಪಿದೆ.

೫

ಹಳೆಯ ಅನ್ಯಾಯ ಹಳೆಯದಾಯಿತು, ಮುಂದಿನದು ನೋಡೋಣ ಎನ್ನುವವರಿದ್ದಾರೆ. ಮುಂದಿನದೂ ಹಾಗೇ ಇದೆ. ೨೦೧೮ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರಿನ ಶುದ್ಧತೆಯ ಬಗ್ಗೆ ಕೋರ್ಟಿನವರೆಗೂ ಜಗಳ ನಡೆಯಿತು. ಆ ಜಗಳದಲ್ಲಿ ಮರೆಯಾದ ಇನ್ನೊಂದು ಸಂಗತಿಯನ್ನು ನಾನು ಹೇಳಬೇಕು. ಆ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ. ಕೆರೆಯಿಂದ ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಕೊಳಚೆಯಿಂದ ಬಂದ ನೀರಾದ್ದರಿಂದ ಅದಕ್ಕೆ ಕಾರಣವೂ ಇದೆ. ಆದರೆ ಅದರ ಪರಿಣಾಮ ನೋಡಿ. ತೂಬು ಮುಚ್ಚಿತು. ತೂಬಿನ ನೀರಿಗೆ ಸರದಿಯಿತ್ತು, ಪಾಲಿತ್ತು, ಕಡಿಮೆ ಬಿದ್ದರೆ ದಾಮಾಷವಿತ್ತು. ನೆಲದೊಳಗೆ ಇಂಗಿದ ನೀರಿಗೆ ಸರದಿಯಿಲ್ಲ. ಕೊಳವೆಬಾವಿ ಕೊರೆಸಲು ಹಣವಿದ್ದವನು ಎತ್ತಿಕೊಳ್ಳುತ್ತಾನೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗೂ ಮೀರಿ ಕೊರೆದವರಿದ್ದಾರೆ. ಅಷ್ಟು ಕೊರೆಸುವ ಶಕ್ತಿ ದಲಿತ ಕೇರಿಯಲ್ಲಿ ಎಷ್ಟು ಮನೆಗಿದೆ? ಎಲ್ಲರಿಗೂ ಕಾಣುವಂತಿದ್ದ ನೀರು ಕಾಣದ ನೀರಾಯಿತು, ಎಣಿಸುವವನು ಬೇಡವಾದ. ನೀರುಗಂಟಿ ಎಂಬ ಪದ ಮಾತ್ರ ಉಳಿದಿದೆ, ಗ್ರಾಮಪಂಚಾಯ್ತಿಯಲ್ಲಿ ನಲ್ಲಿನೀರಿನ ವಾಲ್ವು ತಿರುಗಿಸುವವನನ್ನು ಈಗ ಹಾಗೆ ಕರೆಯುತ್ತಾರೆ.

ನಮ್ಮೂರಿಗೆ ಆ ನೀರು ಬಂದಿಲ್ಲ. ನಮಗೆ ಬಂದದ್ದು ಮಳೆ. ೨೦೨೧ರ ನವೆಂಬರಿನಲ್ಲಿ ಕಾಲವಲ್ಲದ ಕಾಲದಲ್ಲಿ ಸುರಿದು, ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆಯೊಡೆದ ವರ್ಷ ಅದು. ಎಷ್ಟೋ ವರ್ಷದಿಂದ ಒಣಗಿ ಜಾಲಿ ಬೆಳೆದಿದ್ದ ಕೆರೆ ಮೂರು ದಿನದಲ್ಲಿ ತುಂಬಿತು. ಅಪರೂಪಕ್ಕೆ ಬಂದ ನೀರು, ಹೋಗಬಾರದು ಎಂದು ಅಚ್ಚುಕಟ್ಟಿನ ಕೆಲವರು ಕೋಡಿಗೆ ಮರಳುಮೂಟೆ ಅಡ್ಡ ಒಟ್ಟಿದ್ದರು. ಅರ್ಧರಾತ್ರಿಯಲ್ಲಿ ಏರಿಯ ಹಿಂದೆ ನೀರು ಒಸರತೊಡಗಿತು. ಏರಿಯ ಕೆಳಗೇ ನಮ್ಮ ಕೇರಿ. ಟಾರ್ಚು ಹಿಡಿದು ಊರಿನವರು ನಮ್ಮ ಮನೆಬಾಗಿಲಿಗೆ ಬಂದರು. ಎಪ್ಪತ್ತು ದಾಟಿದ ಚಿಕ್ಕಪ್ಪ ಏರಿಯುದ್ದ ನಡೆದು ಒಂದು ಕಡೆ ನಿಂತು ಒಸರಿದ ನೀರನ್ನು ಅಂಗೈಗೆ ಹಿಡಿದು ಬೆಳಕಿಗೆ ಹಿಡಿಯೆಂದ. ರಾಡಿ. ‘ಇದು ನಮ್ಮಪ್ಪನ ಕಾಲದಾಗೆ ಒಡೆದು ಮೆತ್ತಿದ್ ಜಾಗ. ಇಲ್ಲಿಗೆ ಮಣ್ಣು ತನ್ನಿ. ಮೊದಲು ಹೋಗಿ ಕೋಡಿ ಮೂಟೆ ಕೀಳ್ರಿ’ ಎಂದ. ಮೂಟೆ ಒಟ್ಟಿದವರೇ ಕಿತ್ತರು. ಆ ರಾತ್ರಿ ಅವನ ಮಾತನ್ನು ಎಲ್ಲರೂ ಕೇಳಿದರು. ಕೆರೆ ಉಳಿಯಿತು, ಕೇರಿಯೂ ಉಳಿಯಿತು.

ಮುಂದಿನ ವಾರ ಕೆರೆಗೆ ಬಾಗಿನ ಬಿಡುವ ಕಾರ್ಯಕ್ರಮ. ಶಾಮಿಯಾನ, ಮೈಕು, ಪೇಟ, ಶಾಲು. ಚಿಕ್ಕಪ್ಪ ಏರಿಯ ಕೆಳಗೆ ಬೇವಿನ ಮರದ ಹತ್ತಿರ ನಿಂತಿದ್ದ. ಮೇಲೆ ಬರಬೇಡ ಎಂದು ಯಾರೂ ತಡೆಯಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ. ಕೆರೆ ಸಮಿತಿಯಲ್ಲಿ ಅವನಿಲ್ಲ. ಕೇಳಿದರೆ, ಅಚ್ಚುಕಟ್ಟಿನಲ್ಲಿ ಜಮೀನಿದ್ದವರಿಗೆ ಮಾತ್ರ ಎಂದರು. ಜಮೀನಿಲ್ಲ ಎಂದೇ ಅಂದು ಅವನ ಕುಲಕ್ಕೆ ತೂಬು ಕೊಟ್ಟರು, ಜಮೀನಿಲ್ಲ ಎಂದೇ ಇಂದು ಅವನಿಗೆ ಕುರ್ಚಿ ಕೊಡಲಿಲ್ಲ.

೬

ಇಲ್ಲಿ ದಲಿತ ವಿಮರ್ಶೆ ತನ್ನನ್ನೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ನಾವು ಕೆರೆಯನ್ನು ಅವಮಾನದ ಜಾಗವಾಗಿ ಓದಿದೆವು, ಬಂಡಾಯದ ಜಾಗವಾಗಿ ಓದಿದೆವು. ನಮ್ಮವರ ತಿಳಿವು ಕೆಲಸ ಮಾಡಿದ ಜಾಗವಾಗಿ ಓದಲು ಹಿಂಜರಿದೆವು. ಹಿಂಜರಿಕೆಗೆ ಕಾರಣವಿತ್ತು. ಹಳ್ಳಿಯನ್ನು ಹೊಗಳುವವರ ಬಗ್ಗೆ ಅಂಬೇಡ್ಕರ್ ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು. ಕಸುಬನ್ನು ಹೊಗಳುತ್ತ ಹೊಗಳುತ್ತ ಕಸುಬಿಗೆ ಕಟ್ಟಿಹಾಕುವುದು ಈ ದೇಶದ ಹಳೆಯ ಹುನ್ನಾರ. ಡಿ.ಆರ್. ನಾಗರಾಜ್ ತಮ್ಮ ೧೯೯೩ರ ಇಂಗ್ಲಿಷ್ ಪುಸ್ತಕದಲ್ಲಿ ಗಾಂಧಿಯನ್ನೂ ಅಂಬೇಡ್ಕರರನ್ನೂ ಎದುರುಬದುರು ನಿಲ್ಲಿಸಿ ಒಬ್ಬರಿಂದ ಇನ್ನೊಬ್ಬರು ಬದಲಾದ ಬಗೆಯನ್ನು ತೋರಿಸಿದ್ದರು. ದಲಿತರ ಸಾಂಸ್ಕೃತಿಕ ನೆನಪನ್ನು ಕೇವಲ ಗಾಯವೆಂದು ನೋಡಬಾರದು ಎಂಬುದು ಅವರ ಒತ್ತಾಯವಾಗಿತ್ತು. ಆ ಮಾತನ್ನು ನಾನು ಬಹಳ ಕಾಲ ಅನುಮಾನದಿಂದ ಓದಿದವನು. ಈಗ ಅರ್ಧ ಒಪ್ಪುತ್ತೇನೆ. ಉಳಿದರ್ಧವನ್ನು ಚಿಕ್ಕಪ್ಪ ಬೇರೆಯಾಗಿ ಹೇಳಿದ.

ಅವನ ಮಗ, ನನ್ನ ತಮ್ಮ, ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ‘ಇವನಿಗೆ ಕೆರೆ ಕೆಲಸ ಕಲಿಸಿದ್ಯಾ ಚಿಕ್ಕಪ್ಪಾ?’ ಎಂದು ಒಮ್ಮೆ ಕೇಳಿದೆ. ‘ಕಲಿಸಲಿಲ್ಲ. ಕಲಿಸಿದ್ರೆ ಕರೀತಾರೆ. ಕರೆದ್ರೆ ಹೋಗಬೇಕಾಗ್ತದೆ. ಹೋದ್ರೆ ಕಣದ ಹತ್ರ ನಿಲ್ಲಬೇಕಾಗ್ತದೆ’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಂಬಳ ಕೊಟ್ಟು, ಕಾಗದ ಕೊಟ್ಟು, ಯಾರು ಬೇಕಾದ್ರೂ ಮಾಡಬೌದು ಅಂದ್ರೆ, ಗೌಡ್ರ ಮಗ ಬಂದ್ರೂ ಕಲಿಸ್ತೀನಿ’ ಎಂದ.

ತಿಳಿವು ಕಾಣೆಯಾಗುತ್ತಿದೆ ಎಂದು ವರದಿಗಳು ಮರುಗುತ್ತವೆ. ಅದು ತಾನಾಗಿ ಕಾಣೆಯಾಗುತ್ತಿಲ್ಲ. ಬಲ್ಲವನು ಅದನ್ನು ಬೇಕೆಂದೇ ಮಗನಿಗೆ ಕೊಡದೆ ತಡೆಹಿಡಿದಿದ್ದಾನೆ. 

ಹಾಗಾದರೆ ನ್ಯಾಯವೆಂದರೇನು? ನನಗೆ ತೋಚಿದ್ದನ್ನು ಹೇಳುತ್ತೇನೆ. ಒಂದು, ತಿಳಿವನ್ನು ಬರೆದುಕೊಳ್ಳುವವರು ಹೇಳಿದವನ ಹೆಸರು ಬರೆಯಲಿ, ಅವನ ಒಪ್ಪಿಗೆ ಪಡೆಯಲಿ, ಹೇಳುವುದಿಲ್ಲ ಎನ್ನುವ ಹಕ್ಕನ್ನೂ ಅವನಿಗೆ ಬಿಡಲಿ. ಎರಡು, ಕೆರೆ ಕಾಯುವುದು ಸಂಬಳದ ಹುದ್ದೆಯಾಗಲಿ, ಯಾವ ಜಾತಿಯವರಿಗೂ ತೆರೆದಿರಲಿ, ಕಲಿಸುವ ಮೇಷ್ಟ್ರ ಸ್ಥಾನ ಈಗಿರುವ ನೀರುಗಂಟಿಗಳಿಗೆ ಸಿಗಲಿ. ಮೂರು, ೧೯೭೮ರ ಕಾಯ್ದೆಯ ಆ ಹೊರತು ಹೋಗಲಿ. ನಾಲ್ಕು, ಕೆರೆಯ ತೀರ್ಮಾನಗಳಲ್ಲಿ ಮತ ಹಾಕಲು ಅಚ್ಚುಕಟ್ಟಿನ ಪಹಣಿ ಕೇಳುವುದು ನಿಲ್ಲಲಿ. ಇದು ಆಗದ ಮಾತು ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ೧೯೭೨ರ ಬರದ ನಂತರ ಪುಣೆ ಜಿಲ್ಲೆಯ ಪುರಂದರ ಸೀಮೆಯಲ್ಲಿ ವಿಲಾಸರಾವ್ ಸಾಳುಂಖೆ ಕಟ್ಟಿದ ಪಾಣಿ ಪಂಚಾಯತಿನಲ್ಲಿ ನೀರಿನ ಪಾಲು ಎಕರೆಯ ಲೆಕ್ಕದಲ್ಲಿರಲಿಲ್ಲ, ಮನೆಯ ತಲೆಗಳ ಲೆಕ್ಕದಲ್ಲಿತ್ತು. ಭೂಮಿಯಿಲ್ಲದವನಿಗೂ ನೀರಿನಲ್ಲಿ ಪಾಲಿತ್ತು. ದಾಮಾಷದ ಜಾಣ್ಮೆಗೆ ಈ ನ್ಯಾಯ ಸೇರಬೇಕು. ಸೇರದಿದ್ದರೆ ಅದು ಇದ್ದವರು ಇದ್ದವರಿಗೆ ಹಂಚಿಕೊಂಡ ಹಳೆಯ ಲೆಕ್ಕವಾಗಿಯೇ ಉಳಿಯುತ್ತದೆ.

ಪುಸ್ತಿಕೆ ಈಗಲೂ ನನ್ನ ಮೇಜಿನ ಮೇಲಿದೆ. ಹೋದ ಸಲ ಊರಿಗೆ ಹೋದಾಗ ಅದನ್ನು ತೆಗೆದುಕೊಂಡು ಹೋಗಿದ್ದೆ. ‘ಓರ್ವ ಗ್ರಾಮಸ್ಥ’ ಎಂಬುದನ್ನು ಹೊಡೆದುಹಾಕಿ ಚಿಕ್ಕಪ್ಪನ ಹೆಸರನ್ನು ಪೆನ್ನಿನಲ್ಲಿ ಬರೆದು ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು, ‘ಇದೊಂದರಾಗೆ ಬರೆದ್ರೆ ಆಯ್ತಾ? ಮಿಕ್ಕ ಪುಸ್ತಕಗಳಾಗೆ?’ ಎಂದ.